ಇಸಿಜಿಯ ಜೊಳ್ಳು ಕೇರುವ ಮೊರ

“ಏನ್ ಮೇಷ್ಟ್ರೇ, ಈ ಮನುಷ್ಯನ ಪಿ ಅಲೆ ಎಲ್ಲಿ?”

ಡಾಕ್ಟರ್ ಗೆಳೆಯರು ಕಾಗದವನ್ನು ಬೆಳಕಿಗೆ ಹಿಡಿದು ಕೇಳಿದರು. ‘ಈ ಮನುಷ್ಯ’ ಅಂದರೆ ನಾನೇ. ಎಂಜಿನಿಯರಿಂಗ್ ಮಕ್ಕಳಿಗೆ ತೋರಿಸಲೆಂದು ಎಡಿ8232 ಎಂಬ ಪುಟ್ಟ ಬೋರ್ಡು, ಒಂದು ಆರ್ಡುಯಿನೊ, ಎದೆಗೆ ಮೂರು ಎಲೆಕ್ಟ್ರೋಡು ಇಟ್ಟುಕೊಂಡು ನನ್ನದೇ ಇಸಿಜಿ ತೆಗೆದಿದ್ದೆ. ಪರದೆಯ ಮೇಲೆ ಬಂದದ್ದು ಗೆರೆಯಲ್ಲ, ಕಂಬಳಿಹುಳ. ಮೈತುಂಬ ರೋಮ. ವೇವ್‌ಲೆಟ್ ಹಾಕಿ ಸೋಸಿದೆ. ಸಾಲದು ಅನ್ನಿಸಿತು, ಇನ್ನಷ್ಟು ಬಿಗಿ ಮಾಡಿದೆ. ಕೊನೆಗೆ ರೇಷ್ಮೆ ಎಳೆಯಂಥ ಗೆರೆ ಬಂತು. ಅದನ್ನೇ ಪ್ರಿಂಟ್ ಹಾಕಿಸಿ, ಸ್ವಲ್ಪ ಜಂಬದಿಂದಲೇ ಒಯ್ದಿದ್ದೆ.

“ಪಿ ಅಲೆ ಇಲ್ಲ ಅಂದ್ರೆ ಏಟ್ರಿಯಲ್ ಫಿಬ್ರಿಲೇಷನ್ನಾ ಅಂತ ಮೊದಲು ಅನುಮಾನ ಬರುತ್ತೆ. ಆದ್ರೆ ಬಡಿತ ಗಡಿಯಾರದ ಹಾಗೆ ಸಮವಾಗಿದೆ. ನಿಮ್ಮ ಹೃದಯ ಸರಿಯಾಗೇ ಇದೆ, ಲೆಕ್ಕ ನೋಡ್ಕೊಳ್ಳಿ” ಅಂದರು.

ಹೃದಯದ ಮೇಲಿನ ಎರಡು ಕೋಣೆಗಳು ಸಂಕುಚಿಸುವ ಮುನ್ನ ಏಳುವ ಸಣ್ಣ ಉಬ್ಬು ಪಿ ಅಲೆ. ಎತ್ತರ 0.1ರಿಂದ 0.2 ಮಿಲಿವೋಲ್ಟ್, ಅಷ್ಟೇ. ಅದರ ಬೆನ್ನಿಗೇ ಬರುವ ಆರ್ ಮೊನೆ ಸುಮಾರು 1 ಮಿಲಿವೋಲ್ಟ್ ಎತ್ತರಕ್ಕೆ ಜಿಗಿಯುತ್ತದೆ. ಗದ್ದಲ ಓಡಿಸುವ ಹುಮ್ಮಸ್ಸಿನಲ್ಲಿ ನಾನು ಬಡಪಾಯಿ ಪಿ ಅಲೆಯನ್ನೂ ಓಡಿಸಿದ್ದೆ. ವೇವ್‌ಲೆಟ್ ಹಿಡಿದು ಸಿಗ್ನಲ್ ಶುದ್ಧ ಮಾಡಲು ಹೊರಟವರು ಒಮ್ಮೆಯಾದರೂ ಮಾಡುವ ತಪ್ಪು ಇದು. ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದರೆ ಕೆಲಸ ಮುಗಿಯುವುದರಿಂದ, ಒಳಗೆ ಏನು ನಡೆಯುತ್ತಿದೆ ಎಂದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಜರಡಿ ಸಾಲದು

ಇಸಿಜಿಗೆ ಅಂಟುವ ಗದ್ದಲ ಒಂದೇ ಬಗೆಯದಲ್ಲ. ಗೋಡೆಯ ವೈರಿಂಗಿನಿಂದ, ಟ್ಯೂಬ್‌ಲೈಟಿನಿಂದ ಬರುವ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಒಂದು. ಉಸಿರಾಡಿದಂತೆ ಇಡೀ ಗೆರೆಯೇ ಮೇಲೆ ಕೆಳಗೆ ತೇಲುವುದು ಇನ್ನೊಂದು. ಮೂರನೆಯದು ಸ್ನಾಯುಗಳದು. ತೋಳನ್ನು ಕೊಂಚ ಬಿಗಿ ಹಿಡಿದರೆ ಸಾಕು, ಗೆರೆ ತುಂಬ ಮುಳ್ಳು. ಮೊದಲೆರಡಕ್ಕೆ ಹಳೆಯ ಫಿಲ್ಟರ್‌ಗಳೇ ಸಾಕು. ಕರೆಂಟಿನ ಗದ್ದಲ ಒಂದೇ ಜಾಗದಲ್ಲಿ ಕೂತಿರುವ ಕಳ್ಳ, ನಾಚ್ ಫಿಲ್ಟರ್ ಹಾಕಿ ಹಿಡಿಯಬಹುದು. ಕಾಡುವುದು ಮೂರನೆಯದು. ಸ್ನಾಯುವಿನ ಗದ್ದಲ ಸುಮಾರು 20 ಹರ್ಟ್ಸ್‌ನಿಂದ ನೂರಾರು ಹರ್ಟ್ಸ್‌ವರೆಗೆ ಹರಡಿಕೊಂಡಿರುತ್ತದೆ. ಆರ್ ಮೊನೆ ಇರುವ ಕ್ಯೂಆರ್‌ಎಸ್ ಭಾಗದ ಶಕ್ತಿ ಹೆಚ್ಚಾಗಿ ಕೆಳಗಿದ್ದರೂ ಅದರ ಚೂಪು ಇರುವುದು ಈ ಗದ್ದಲದ ಸೀಮೆಯಲ್ಲೇ. 40 ಹರ್ಟ್ಸ್ ಮೇಲಿನದನ್ನೆಲ್ಲ ಕತ್ತರಿಸಿದರೆ ಮುಳ್ಳೇನೋ ಹೋಗುತ್ತದೆ, ಜತೆಗೆ ಮೊನೆಯೂ ಮೊಂಡಾಗುತ್ತದೆ.

ಫಿಲ್ಟರ್ ಅಂದರೆ ಜರಡಿ. ಅದು ಗಾತ್ರ ನೋಡಿ ಬೇರೆ ಮಾಡುತ್ತದೆ. ಇಲ್ಲಿ ಗಾತ್ರ ಅಂದರೆ ಆವರ್ತನ. ಆದರೆ ಭತ್ತದ ಗಟ್ಟಿಕಾಳಿಗೂ ಜೊಳ್ಳಿಗೂ ಗಾತ್ರ ಒಂದೇ; ಎಷ್ಟು ಜರಡಿ ಆಡಿಸಿದರೂ ಎರಡೂ ಒಟ್ಟಿಗೇ ಬೀಳುತ್ತವೆ. ಅಲ್ಲಿಗೆ ಮೊರವೇ ಬೇಕು. ಮೊರ ತೂಕ ನೋಡುತ್ತದೆ. ಕೇರಿದರೆ ಹಗುರವಾದ ಜೊಳ್ಳು ಹಾರುತ್ತದೆ, ತೂಕದ ಕಾಳು ಬುಡದಲ್ಲಿ ಉಳಿಯುತ್ತದೆ.

ವೇವ್‌ಲೆಟ್ ವಿಧಾನದಲ್ಲಿ ಎರಡೂ ಇವೆ. ಮೊದಲು ಸಿಗ್ನಲನ್ನು ದೊಡ್ಡ ಕಣ್ಣು, ಸಣ್ಣ ಕಣ್ಣು ಎಂದು ಹಲವು ಜರಡಿಗಳಲ್ಲಿ ವಿಂಗಡಿಸುವುದು. ಆಮೇಲೆ ಒಂದೊಂದು ಜರಡಿಯದನ್ನೂ ಬೇರೆ ಬೇರೆಯಾಗಿ ಮೊರಕ್ಕೆ ಹಾಕಿ ಕೇರುವುದು. ಕೊನೆಗೆ ಉಳಿದ ಕಾಳನ್ನೆಲ್ಲ ಮತ್ತೆ ಒಂದೇ ರಾಶಿ ಮಾಡುವುದು. ಜರಡಿಯಲ್ಲಿ ಬಿದ್ದ ಒಂದೊಂದು ಕಾಳಿಗೂ ಗಣಿತದಲ್ಲಿ ಗುಣಾಂಕ ಅನ್ನುತ್ತಾರೆ. ಹೃದಯದ ಮಿಡಿತದಂಥ ನಿಜ ಸಿಗ್ನಲ್ ಕೆಲವೇ ಗುಣಾಂಕಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಗದ್ದಲ ಎಲ್ಲ ಗುಣಾಂಕಗಳಿಗೂ ಚೂರು ಚೂರಾಗಿ ಹಂಚಿಹೋಗುತ್ತದೆ. ಇಡೀ ವಿದ್ಯೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಎಲ್ಲ ಸಿಗ್ನಲಿಗೂ ಈ ಮಾತು ನಿಜವಲ್ಲ. ತಂಬೂರಿಯ ಶ್ರುತಿ ಒಂದೇ ಸಮನೆ ನಾದ ಹಿಡಿದಿರುತ್ತದೆ. ಅದಕ್ಕೆ ಫೂರಿಯೇ ವಿಶ್ಲೇಷಣೆಯೇ ಸರಿ, ಕೆಲವೇ ಆವರ್ತನಗಳಲ್ಲಿ ಎಲ್ಲ ಅಡಗುತ್ತದೆ. ಮೃದಂಗದ ಒಂದು ಪೆಟ್ಟು ಹಾಗಲ್ಲ, ಹುಟ್ಟಿ ಕ್ಷಣದಲ್ಲಿ ಸಾಯುತ್ತದೆ. ಅದನ್ನು ಎಂದೂ ಮುಗಿಯದ ಸೈನ್ ಅಲೆಗಳಿಂದ ಕಟ್ಟಲು ಹೋದರೆ ಲೆಕ್ಕವಿಲ್ಲದಷ್ಟು ಅಲೆ ಬೇಕು. ಇಸಿಜಿ ಮೃದಂಗದ ಜಾತಿ.

ಎಣ್ಣೆ ಹುಡುಕುವವರು ಮೊದಲು ಸಿಕ್ಕಿಬಿದ್ದದ್ದೂ ಇಲ್ಲೇ. ಫ್ರಾನ್ಸಿನ ಎಲ್ಫ್ ಅಕಿತೇನ್ ಕಂಪನಿಯಲ್ಲಿದ್ದ ಭೂಭೌತ ವಿಜ್ಞಾನಿ ಜಾನ್ ಮೋರ್ಲೆ ನೆಲದಾಳದಿಂದ ಬರುವ ಕಂಪನದ ಮಾರ್ದನಿಗಳನ್ನು ಓದಬೇಕಿತ್ತು. ಎದ್ದು ಅಡಗುವ ಒಂದು ಗಿಡ್ಡ ಅಲೆಯನ್ನು ಹಿಗ್ಗಿಸಿ ಕುಗ್ಗಿಸಿ, ಅಲ್ಲಲ್ಲಿ ಸರಿಸಿ ಹೊಂದಿಸಿ ನೋಡುವ ಉಪಾಯ ಅವರದು. ಭೌತವಿಜ್ಞಾನಿ ಅಲೆಕ್ಸ್ ಗ್ರೋಸ್ಮನ್ ಜತೆಗೂಡಿ 1984ರಲ್ಲಿ ಅದಕ್ಕೆ ಗಣಿತದ ಅಡಿಪಾಯ ಹಾಕಿದರು. ಮರುವರ್ಷ ಪ್ಯಾರಿಸ್ಸಿನ ಗಣಿತಜ್ಞ ಈವ್ ಮೆಯರ್ ಜೆರಾಕ್ಸ್ ಯಂತ್ರದ ಮುಂದೆ ಸರದಿ ಕಾಯುವಾಗ ಸಹೋದ್ಯೋಗಿಯೊಬ್ಬರು ಆ ಪ್ರಬಂಧ ತೋರಿಸಿದರಂತೆ. ಅಲ್ಲಿಂದ ಹಿಡಿದ ಹುಚ್ಚು 2017ರಲ್ಲಿ ಅವರಿಗೆ ಏಬಲ್ ಪ್ರಶಸ್ತಿ ತಂದಿತು. 1988ರಲ್ಲಿ ಇಂಗ್ರಿಡ್ ಡೊಬೆಶಿ ಕಂಪ್ಯೂಟರಿಗೆ ಒಗ್ಗುವ, ಮೊಟಕಾಗಿ ಮುಗಿಯುವ ವೇವ್‌ಲೆಟ್‌ಗಳನ್ನು ಕಟ್ಟಿಕೊಟ್ಟರು. 1989ರಲ್ಲಿ ಸ್ಟೆಫಾನ್ ಮಲಾ ಅದನ್ನು ಝಟ್ಟನೆ ಲೆಕ್ಕ ಹಾಕುವ ದಾರಿ ತೋರಿಸಿದರು. ಜರಡಿಗಳು ಸಿದ್ಧವಾದವು. ಮೊರ ತಂದವರು ಸ್ಟ್ಯಾನ್‌ಫರ್ಡಿನ ಸಂಖ್ಯಾಶಾಸ್ತ್ರಜ್ಞರಾದ ಡೇವಿಡ್ ಡೊನೊಹೊ ಮತ್ತು ಇಯಾನ್ ಜಾನ್‌ಸ್ಟೋನ್, 1994ರಲ್ಲಿ.

ಎಂಟು ಸಂಖ್ಯೆ, ಒಂದು ಪೆನ್ಸಿಲ್

ಕ್ಲಾಸಿನಲ್ಲಿ ನಾನು ಕಂಪ್ಯೂಟರ್ ತೆರೆಯುವ ಮೊದಲು ಪೆನ್ಸಿಲ್ ಹಿಡಿಸುತ್ತೇನೆ. ನೀವೂ ಹಿಡಿಯಿರಿ, ಐದು ನಿಮಿಷದ ಕೆಲಸ.

ತಕ್ಕಡಿಯ ಮೇಲೆ 10 ಕಿಲೋ ಅಕ್ಕಿ ಇದೆ. ನಡುವೆ ಯಾರೋ 20 ಕಿಲೋದ ಇನ್ನೊಂದು ಚೀಲ ಇಟ್ಟರು. ತಕ್ಕಡಿಯೋ ಸದಾ ನಡುಗುವ ಜಾತಿಯದು. ಅದು ತೋರಿಸಿದ ಎಂಟು ತೂಕ: 11, 9, 10, 12, 31, 29, 30, 28.

ಎರಡೆರಡು ಜೋಡಿ ಮಾಡಿ. ಜೋಡಿಯ ಸರಾಸರಿ ಒಂದು ಕಡೆ ಬರೆಯಿರಿ: 10, 11, 30, 29. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಅರ್ಧ ಮಾಡಿ ಇನ್ನೊಂದು ಕಡೆ ಬರೆಯಿರಿ: 1, −1, 1, 1. ಈಗ ಸರಾಸರಿಗಳನ್ನೇ ಮತ್ತೆ ಜೋಡಿ ಮಾಡಿ. ಸರಾಸರಿ 10.5 ಮತ್ತು 29.5, ಅರ್ಧ ವ್ಯತ್ಯಾಸ −0.5 ಮತ್ತು 0.5. ಇನ್ನೊಂದು ಸುತ್ತು. ಸರಾಸರಿ 20, ಅರ್ಧ ವ್ಯತ್ಯಾಸ −9.5.

ಎಂಟು ಸಂಖ್ಯೆ ಹೋಗಿ ಎಂಟು ಸಂಖ್ಯೆಯೇ ಬಂದವು: 20, −9.5, −0.5, 0.5, 1, −1, 1, 1. ಏನೂ ಕಳೆದಿಲ್ಲ, ಕೂಡಿ ಕಳೆದು ಹಿಂದಕ್ಕೆ ಹೋದರೆ ಹಳೆಯ ತೂಕಗಳು ಹಾಗೇ ಸಿಗುತ್ತವೆ. ಆದರೆ ಈಗಿನ ಸಾಲು ನೋಡಿ. ಗಟ್ಟಿಕಾಳು ಎರಡೇ, 20 ಮತ್ತು −9.5. ಮಿಕ್ಕ ಆರೂ ಜೊಳ್ಳು. ಆ ಆರಕ್ಕೂ ಸೊನ್ನೆ ಹಾಕಿ ಹಿಂದಕ್ಕೆ ಬನ್ನಿ: ಮೊದಲ ನಾಲ್ಕು 10.5, ಕೊನೆಯ ನಾಲ್ಕು 29.5. ನಡುಕ ಹೋಯಿತು, ಚೀಲ ಇಟ್ಟ ಕ್ಷಣ ಮಾತ್ರ ಕತ್ತಿಯಲ್ಲಿ ಕೊಯ್ದ ಹಾಗೆ ಉಳಿಯಿತು. ಇದೇ ತೂಕಗಳಿಗೆ ಮೂರು ಮೂರರ ಸರಾಸರಿ ಹಾಕಿದ್ದರೆ ಆ ಜಾಗದಲ್ಲಿ 17.7, 24 ಎಂದು ತಕ್ಕಡಿಯ ಮೇಲೆ ಎಂದೂ ಇರದಿದ್ದ ತೂಕಗಳು ಬರುತ್ತಿದ್ದವು.

ನೀವು ಈಗ ಮಾಡಿದ್ದು ಹಾರ್ ವೇವ್‌ಲೆಟ್. ಹಂಗೇರಿಯ ಆಲ್‌ಫ್ರೆಡ್ ಹಾರ್ 1909ರ ತಮ್ಮ ಪ್ರಬಂಧದಲ್ಲಿ ಬರೆದಿಟ್ಟದ್ದು; ಆಗ ವೇವ್‌ಲೆಟ್ ಎಂಬ ಹೆಸರೇ ಇರಲಿಲ್ಲ. ಸಾಫ್ಟ್‌ವೇರಿನಲ್ಲಿ ಎರಡರಿಂದ ಭಾಗಿಸುವ ಬದಲು ಎರಡರ ವರ್ಗಮೂಲದಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ಬಿಳಿ ಗದ್ದಲ, ಅಂದರೆ ಎಲ್ಲ ಆವರ್ತನಗಳಲ್ಲೂ ಸಮನಾಗಿ ಹರಡಿದ ಗದ್ದಲ, ಎಲ್ಲ ಜರಡಿಗಳಲ್ಲೂ ಒಂದೇ ತೂಕದ್ದಾಗಿರುತ್ತದೆ.

ಹಾರ್ ಮೆಟ್ಟಿಲುಗಳಿಗೆ ಹೇಳಿ ಮಾಡಿಸಿದ್ದು. ಇಸಿಜಿಗೆ ಹಾಕಿದರೆ, ಕ್ಯೂಆರ್‌ಎಸ್ ಆದಮೇಲೆ ಬರುವ ಟಿ ಅಲೆಯಂಥ ನುಣುಪಾದ ಉಬ್ಬು ಕೂಡ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದಕ್ಕೇ ಡಿಬಿ4, ಸಿಮ್4 ಎಂಬ ನುಣುಪು ವೇವ್‌ಲೆಟ್‌ಗಳನ್ನು ಬಳಸುವುದು. ನಾನು ಸಿಮ್4ರಲ್ಲೇ ನಿಂತಿದ್ದೇನೆ. ಯಾವ ವೇವ್‌ಲೆಟ್ ಶ್ರೇಷ್ಠ ಎಂದು ಹತ್ತಾರನ್ನು ಹೋಲಿಸಿ ಕೋಷ್ಟಕ ತುಂಬಿಸುವ ಪ್ರಾಜೆಕ್ಟ್ ವರದಿಗಳನ್ನು ಪ್ರತಿವರ್ಷ ನೋಡುತ್ತೇನೆ. ಫಲಿತಾಂಶ ಕೆಡುವುದು ಬಹುಪಾಲು ಅಲ್ಲಿ ಅಲ್ಲ, ಮುಂದೆ ಹೇಳುವ ಹೊಸ್ತಿಲಿನಲ್ಲಿ.

ಅಂದಹಾಗೆ ಹೆಸರಿನಲ್ಲೊಂದು ಗುಂಡಿ ಇದೆ. ಪೈಥಾನಿನ ಪೈವೇವ್‌ಲೆಟ್ಸ್‌ನಲ್ಲಿ ಡಿಬಿ4 ಅಂದರೆ ಎಂಟು ಗುಣಾಂಕದ ಫಿಲ್ಟರ್. ಕೆಲವು ಪುಸ್ತಕಗಳ ಡಿ4 ನಾಲ್ಕು ಗುಣಾಂಕದ್ದು. ಎರಡೂ ಒಂದೇ ಅಂದುಕೊಂಡರೆ ಉತ್ತರ ತಾಳೆಯಾಗುವುದಿಲ್ಲ.

ಪರದೆಯ ಮುಂದೆ

ಕೈಗೆ ಬೇಕಾದದ್ದೆಲ್ಲ ಪುಕ್ಕಟೆ ಸಿಗುತ್ತದೆ: ಪೈಥಾನ್, ಪೈವೇವ್‌ಲೆಟ್ಸ್, ಫಿಸಿಯೋನೆಟ್‌ನ ಇಸಿಜಿ ಭಂಡಾರ. ಅಲ್ಲಿನ ಎಂಐಟಿ-ಬಿಐಎಚ್ ಸಂಗ್ರಹ ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ 1975ರಿಂದ 1979ರ ನಡುವೆ ದಾಖಲಾದದ್ದು. 47 ಜನರ, ಅರ್ಧ ಗಂಟೆಯ 48 ಇಸಿಜಿಗಳು, ಸೆಕೆಂಡಿಗೆ 360 ಮಾದರಿಗಳಂತೆ. ಶುರುಮಾಡಲು 100ನೇ ದಾಖಲೆ ಒಳ್ಳೆಯದು. ಗದ್ದಲಕ್ಕೇ ಹೆಸರಾದದ್ದು ಬೇಕಿದ್ದರೆ 105 ತೆಗೆಯಿರಿ. ನನ್ನ ಆರ್ಡುಯಿನೊ ಕೂಡ 360 ಮಾದರಿ ತೆಗೆಯುವಂತೆ ಹೊಂದಿಸಿಕೊಂಡದ್ದು ಇದರ ಜತೆ ಹೋಲಿಸಲೆಂದೇ. ಮೈಗೆ ಎಲೆಕ್ಟ್ರೋಡು ಅಂಟಿಸಿಕೊಂಡಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಮೊದಲನೆಯದಾಗಿ ಅದು ಜೀವದ ಪ್ರಶ್ನೆ. 50 ಹರ್ಟ್ಸ್ ಗದ್ದಲ ಇಳಿಯುವುದು ಮೇಲಿನ ಲಾಭ.

ನನ್ನದು ಹತ್ತು ಸೆಕೆಂಡಿನ ತುಣುಕು, 3600 ಮಾದರಿ. ಸಿಮ್4ರಲ್ಲಿ ಇದನ್ನು ಒಂಬತ್ತು ಹಂತದವರೆಗೆ ಒಡೆಯಬಹುದು. ಮೊದಲ ಹಂತದ ಜರಡಿಯಲ್ಲಿ 90ರಿಂದ 180 ಹರ್ಟ್ಸ್ ಬೀಳುತ್ತದೆ. ಎರಡನೆಯದರಲ್ಲಿ 45ರಿಂದ 90, ಮೂರನೆಯದರಲ್ಲಿ 22ರಿಂದ 45, ನಾಲ್ಕನೆಯದರಲ್ಲಿ 11ರಿಂದ 22, ಹೀಗೆ ಅರ್ಧರ್ಧ ಆಗುತ್ತ ಹೋಗಿ ಕೊನೆಯ ತಳದಲ್ಲಿ 0.35 ಹರ್ಟ್ಸ್‌ಗಿಂತ ಕೆಳಗಿನದು ಉಳಿಯುತ್ತದೆ. ಗಡಿಗಳು ಹೊಲದ ಬದುವಿನ ಹಾಗೆ ಗಟ್ಟಿಯಲ್ಲ, ಪಕ್ಕಕ್ಕೆ ಸ್ವಲ್ಪ ಸೋರುತ್ತವೆ. ನಿಮಿಷಕ್ಕೆ 15 ಸಲ ಉಸಿರಾಡಿದರೆ 0.25 ಹರ್ಟ್ಸ್, ಆದ್ದರಿಂದ ಉಸಿರಾಟದ ತೇಲಾಟ ಬಂದು ಕೂರುವುದು ಆ ತಳದಲ್ಲೇ. ಅದಕ್ಕೆ ಸೊನ್ನೆ ಹಾಕಿದರೆ ಗೆರೆ ನೆಟ್ಟಗಾಗುತ್ತದೆ. ಆದರೆ ಹೃದಯಾಘಾತದ ಸುಳಿವು ಕೊಡುವ ಎಸ್‌ಟಿ ಭಾಗ ನೋಡಬೇಕಿದ್ದರೆ ತಳಕ್ಕೆ ಕೈಹಾಕಬೇಡಿ. ರೋಗ ಪತ್ತೆಯ ಇಸಿಜಿಯಲ್ಲಿ 0.05 ಹರ್ಟ್ಸ್‌ವರೆಗಿನದನ್ನು ಉಳಿಸಿಕೊಳ್ಳುವ ರೂಢಿ ಇರುವುದು ಈ ಕಾರಣಕ್ಕೆ.

ಕರೆಂಟಿನ ಗದ್ದಲವನ್ನು ಇದಕ್ಕೂ ಮೊದಲೇ ನಾಚ್ ಫಿಲ್ಟರಿನಲ್ಲಿ ತೆಗೆದಿರಬೇಕು. 50 ಹರ್ಟ್ಸ್ ಬಂದು ಬೀಳುವುದು ಎರಡನೇ ಜರಡಿಗೆ. ಅಲ್ಲಿ ಅದು ಜೊಳ್ಳಿನ ಹಾಗೆ ಹಗುರವಾಗಿರುವುದಿಲ್ಲ, ಉದ್ದಕ್ಕೂ ಗಟ್ಟಿಕಾಳಿನ ವೇಷ ಹಾಕಿಕೊಂಡು ಕೂತಿರುತ್ತದೆ. ಮೊರ ಅದನ್ನು ನಂಬಿ ಉಳಿಸಿಕೊಂಡುಬಿಡುತ್ತದೆ. ಫಿಸಿಯೋನೆಟ್ ದಾಖಲೆಗಳು ಅಮೆರಿಕದವು, ಅಲ್ಲಿ ನಾಚ್ ಹಾಕಬೇಕಾದದ್ದು 60 ಹರ್ಟ್ಸ್‌ಗೆ. ಇದನ್ನು ಮರೆತು 50ಕ್ಕೆ ಹಾಕಿ, ಏಕೆ ಹೋಗುತ್ತಿಲ್ಲ ಎಂದು ಅರ್ಧ ದಿನ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

ಹೊಸ್ತಿಲು ಎಷ್ಟು ಎತ್ತರ?

ಯಾವುದು ಜೊಳ್ಳು, ಯಾವುದು ಕಾಳು ಎಂದು ತೀರ್ಮಾನಿಸುವ ಅಳತೆಗೆ ಥ್ರೆಶೋಲ್ಡ್ ಅನ್ನುತ್ತಾರೆ, ಹೊಸ್ತಿಲು ಅನ್ನೋಣ. ದಾಟಿದ್ದು ಒಳಗೆ, ದಾಟದ್ದು ಹೊರಗೆ.

ಹೊಸ್ತಿಲು ಇಡಲು ಮೊದಲು ಗದ್ದಲ ಎಷ್ಟಿದೆ ಎಂದು ಗೊತ್ತಾಗಬೇಕು. ಮೊದಲ ಜರಡಿಯನ್ನು ತೆಗೆದುಕೊಳ್ಳಿ, ಅಲ್ಲಿ ಹೃದಯದ ಪಾಲು ತೀರ ಕಡಿಮೆ. ಗುಣಾಂಕಗಳ ಋಣಚಿಹ್ನೆ ಬಿಟ್ಟು, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವೆ ನಿಂತದ್ದನ್ನು ಹಿಡಿದು 0.6745ರಿಂದ ಭಾಗಿಸಿ. ಬಂದದ್ದು ಗದ್ದಲದ ಪ್ರಮಾಣ, ಸಿಗ್ಮಾ. ಸರಾಸರಿ ಬಿಟ್ಟು ನಡುವಿನದನ್ನೇ ಏಕೆ ಹಿಡಿಯಬೇಕು? ಕ್ಯೂಆರ್‌ಎಸ್ ಸುಮಾರು 0.1 ಸೆಕೆಂಡಿನದು, ಬಡಿತದಿಂದ ಬಡಿತಕ್ಕೆ 0.8 ಸೆಕೆಂಡು. ಅಂದರೆ ಎಂಟರಲ್ಲೊಂದು ಪಾಲು ಜಾಗದಲ್ಲಷ್ಟೇ ಹೃದಯದ ದೊಡ್ಡ ಗುಣಾಂಕಗಳು. ಅವು ಎಷ್ಟೇ ದೊಡ್ಡದಿದ್ದರೂ ಸಾಲಿನ ಕೊನೆಯಲ್ಲಿ ನಿಲ್ಲುತ್ತವೆ, ನಡುವೆ ನಿಂತದ್ದನ್ನು ಹೆಚ್ಚು ಕದಲಿಸಲಾರವು. ಸರಾಸರಿಯಾಗಿದ್ದರೆ ಒಂದೇ ದೊಡ್ಡ ಕುಳ ಬಂದು ಲೆಕ್ಕ ಕೆಡಿಸುತ್ತಿತ್ತು. 0.6745 ಗಾಸಿಯನ್ ಗದ್ದಲದ ಗುಣದಿಂದ ಬಂದ ಸಂಖ್ಯೆ.

ಇನ್ನು ಹೊಸ್ತಿಲು. ಡೊನೊಹೊ, ಜಾನ್‌ಸ್ಟೋನ್ ಕೊಟ್ಟ ಸೂತ್ರ ಸರಳ. ಮಾದರಿಗಳ ಸಂಖ್ಯೆಯ ಸಹಜ ಲಾಗರಿದಮ್ ತೆಗೆದು, ಎರಡರಿಂದ ಗುಣಿಸಿ, ವರ್ಗಮೂಲ ಹಿಡಿದು, ಸಿಗ್ಮಾದಿಂದ ಗುಣಿಸಿ. 3600 ಮಾದರಿಗೆ ಇದು 4.05 ಸಿಗ್ಮಾ. ಅರ್ಧ ಗಂಟೆಯ ಇಡೀ ದಾಖಲೆಗೆ, ಅಂದರೆ 6,50,000 ಮಾದರಿಗೆ, 5.17 ಸಿಗ್ಮಾ. ಮಾದರಿ ಹೆಚ್ಚಾದಂತೆ ಗದ್ದಲದಲ್ಲೇ ಒಂದೆರಡು ಅತಿ ಎತ್ತರದವು ಹುಟ್ಟುವ ಸಂಭವ ಹೆಚ್ಚು. ಅವೂ ಹೊಸ್ತಿಲು ದಾಟದ ಹಾಗೆ ಎತ್ತರ ನಿಧಾನಕ್ಕೆ ಏರುತ್ತದೆ. ಇದು ಜೊಳ್ಳಿನ ಒಂದು ಕಾಳೂ ಒಳಗೆ ಬರಬಾರದು ಎನ್ನುವ ಕಟ್ಟುನಿಟ್ಟಿನ ಯಜಮಾನನ ಹೊಸ್ತಿಲು. ಸಣ್ಣ ಗಟ್ಟಿಕಾಳು ಕೆಲವು ಹೊರಗೆ ಹೋದರೂ ಅವನಿಗೆ ಚಿಂತೆಯಿಲ್ಲ. ಇದನ್ನೇ ನಾನು, ಗೆರೆ ಇನ್ನೂ ನುಣುಪಾಗಲಿ ಎಂದು, ಮೂರು ಪಟ್ಟು ಏರಿಸಿದ್ದೆ. ಅದೂ ಒಂಬತ್ತು ಹಂತಕ್ಕೂ ಸೇರಿಸಿ.

ಅದು ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಪಿ ಅಲೆ ಇರುವುದು ಐದನೇ ಹಂತ ಮತ್ತು ಅದರಾಚೆ. ಸ್ನಾಯುವಿನ ಮುಳ್ಳು ಹೆಚ್ಚಾಗಿ ಮೊದಲ ನಾಲ್ಕರಲ್ಲಿ. ಕೇರಬೇಕಾದದ್ದು ಆ ನಾಲ್ಕನ್ನು ಮಾತ್ರ, ಮಿಕ್ಕವನ್ನು ಮುಟ್ಟದೆ ಬಿಡಬೇಕು. ಸ್ನಾಯುವಿನ ಗದ್ದಲ ಬಿಳಿಯದೂ ಅಲ್ಲ, ಒಂದೊಂದು ಹಂತದಲ್ಲಿ ಒಂದೊಂದು ಪ್ರಮಾಣ. ಹಾಗಾಗಿ ಸಿಗ್ಮಾವನ್ನೂ ಹಂತ ಹಂತಕ್ಕೆ ಬೇರೆಯಾಗಿಯೇ ಅಳೆಯುವುದು ಮೇಲು. ನಾಲ್ಕನೇ ಹಂತದಾಚೆ ಆ ಅಳತೆಯೂ ನಂಬಿಕೆಗೆ ಅರ್ಹವಲ್ಲ. ಅಲ್ಲಿ ಹೃದಯದ ಗುಣಾಂಕಗಳೇ ದಟ್ಟವಾಗಿ ನಿಂತು ನಡುವಿನ ಸಂಖ್ಯೆಯನ್ನು ಎಳೆದಾಡುತ್ತವೆ.

ಹೊಸ್ತಿಲು ದಾಟಿದವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದರಲ್ಲಿ ಎರಡು ಪಂಗಡ. ಹಾರ್ಡ್ ವಿಧಾನ ದಾಟಿದ್ದನ್ನು ಇದ್ದ ಹಾಗೇ ಬಿಡುತ್ತದೆ. ಸಾಫ್ಟ್ ವಿಧಾನ ದಾಟಿದ ಪ್ರತಿಯೊಂದರಿಂದಲೂ ಹೊಸ್ತಿಲಿನಷ್ಟು ಸುಂಕ ವಸೂಲು ಮಾಡುತ್ತದೆ. ಸಾಫ್ಟ್‌ನಲ್ಲಿ ಗೆರೆ ನುಣುಪು, ಆದರೆ ಆರ್ ಮೊನೆ ಗಿಡ್ಡವಾಗುತ್ತದೆ. ಹಾರ್ಡ್‌ನಲ್ಲಿ ಎತ್ತರ ಉಳಿಯುತ್ತದೆ, ಬದಲಿಗೆ ಹೊಸ್ತಿಲನ್ನು ಕೂದಲೆಳೆಯಲ್ಲಿ ದಾಟಿದ ಗದ್ದಲ ಅಲ್ಲಲ್ಲಿ ಮೊಡವೆಯ ಹಾಗೆ ಎದ್ದು ಕಾಣುತ್ತದೆ. ಬಡಿತ ಎಣಿಸುವುದಷ್ಟೇ ಉದ್ದೇಶವಾದರೆ ಸಾಫ್ಟ್ ಸಾಕು. ಎತ್ತರ ಅಳೆಯುವುದಿದ್ದರೆ ಹಾರ್ಡ್, ಇಲ್ಲವೇ ಎರಡರ ನಡುವಿನ ಗ್ಯಾರೊಟ್. ಪೈವೇವ್‌ಲೆಟ್ಸ್‌ನಲ್ಲಿ ಮೂರೂ ಒಂದು ಪದ ಬದಲಿಸಿದರೆ ಬರುತ್ತವೆ.

ಮತ್ತೆ ತಕ್ಕಡಿಗೆ ಬನ್ನಿ. ಚೀಲ ಇಟ್ಟದ್ದು ಒಂದು ಅಳತೆಯಷ್ಟು ತಡವಾಗಿ ಎಂದಿಟ್ಟುಕೊಳ್ಳಿ: 11, 9, 10, 12, 9, 31, 29, 30. ಈಗ ಜಿಗಿತ ಜೋಡಿಯೊಂದರ ಒಳಗೇ ಬಿತ್ತು. ಲೆಕ್ಕ ಹಾಕಿದರೆ ಅರ್ಧ ವ್ಯತ್ಯಾಸಗಳಲ್ಲಿ ದೊಡ್ಡವು ಒಂದಲ್ಲ, ಮೂರು: −11, −4.75, −7.125. ಅದೇ ತಕ್ಕಡಿ, ಅದೇ ಚೀಲ, ಜೋಡಿ ಎಲ್ಲಿಂದ ಶುರುವಾಯಿತು ಎಂಬುದರ ಮೇಲೆ ಗುಣಾಂಕಗಳು ಬದಲಾದವು. ಇಸಿಜಿಯಲ್ಲಿ ಇದು ಮೊನೆಯ ಅಕ್ಕಪಕ್ಕ ಸುಳ್ಳು ಅಲೆಗಳಾಗಿ ಕಾಣಿಸಿಕೊಳ್ಳುತ್ತದೆ. ಕೊಯ್ಫ್‌ಮನ್ ಮತ್ತು ಡೊನೊಹೊ 1995ರಲ್ಲಿ ಹೇಳಿದ ಪರಿಹಾರ ನಮ್ಮಜ್ಜಿಗೂ ಹೊಳೆಯುವಂಥದ್ದು. ಸಿಗ್ನಲನ್ನು ಒಂದೊಂದೇ ಮಾದರಿ ಸರಿಸಿ, ಪ್ರತಿಸಲ ಕೇರಿ, ಹಿಂದಕ್ಕೆ ಸರಿಸಿ, ಎಲ್ಲದರ ಸರಾಸರಿ ತೆಗೆಯುವುದು. ಸೈಕಲ್ ಸ್ಪಿನ್ನಿಂಗ್ ಎಂದು ಹೆಸರು. ಹದಿನಾರು ಸಲ ಸರಿಸಿದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಚಿಲ್ಲರೆ ಕಿರಿಕಿರಿ ಎರಡು. ತುಣುಕಿನ ಎರಡೂ ತುದಿಯ ಕಾಲು ಸೆಕೆಂಡನ್ನು ನಂಬಬೇಡಿ, ಅಲ್ಲಿ ಸಿಗ್ನಲ್ ಮುಂದೆ ಏನಿದೆ ಎಂದು ತಿಳಿಯದೆ ಲೆಕ್ಕವೇ ಊಹೆಯಿಂದ ನಡೆದಿರುತ್ತದೆ. ಮಾದರಿಗಳ ಸಂಖ್ಯೆ ಬೆಸವಾಗಿದ್ದರೆ ಪೈವೇವ್‌ಲೆಟ್ಸ್ ಹಿಂದಿರುಗಿಸುವಾಗ ಒಂದು ಹೆಚ್ಚಿಗೆ ಕೊಡುತ್ತದೆ, ಕೊನೆಯದನ್ನು ಕತ್ತರಿಸಿ.

ಜೊಳ್ಳಿನ ರಾಶಿ

ಭತ್ತ ಕೇರಿದ ಮೇಲೆ ಅಜ್ಜಿ ಮೊರದ ಕಡೆ ನೋಡುತ್ತಿರಲಿಲ್ಲ. ನೆಲದ ಮೇಲೆ ಹಾರಿಬಿದ್ದ ಜೊಳ್ಳಿನಲ್ಲಿ ಕೈಯಾಡಿಸಿ, ಗಟ್ಟಿಕಾಳೇನಾದರೂ ಸಿಕ್ಕರೆ “ಕೈ ಜೋರಾಯ್ತು” ಅನ್ನುತ್ತಿದ್ದಳು.

ಡಾಕ್ಟರ ಮನೆಯಿಂದ ಬಂದವನು ಮಾಡಿದ್ದು ಅದನ್ನೇ. ಮೂಲ ಸಿಗ್ನಲಿನಿಂದ ಸೋಸಿದ್ದನ್ನು ಕಳೆದು, ಉಳಿದದ್ದನ್ನು ಬೇರೆ ಗ್ರಾಫ್ ಮಾಡಿದೆ. ಒಂದೇ ಸಾಲಿನ ಕೆಲಸ, ಅದುವರೆಗೆ ಮಾಡಿರಲಿಲ್ಲ. ಬರೀ ಗದ್ದಲವಾಗಿದ್ದರೆ ಅದು ಯಾವ ಆಕಾರವೂ ಇಲ್ಲದ ರೋಮದ ಪಟ್ಟಿಯಾಗಿರಬೇಕಿತ್ತು. ನನ್ನದರಲ್ಲಿ 0.8 ಸೆಕೆಂಡಿಗೊಮ್ಮೆ, ಆರ್ ಮೊನೆಗೆ ತುಸು ಮುಂಚೆ, ಒಂದು ಪುಟ್ಟ ಉಬ್ಬು. ಅದರ ಹಿಂದೆ ಆರ್ ಮೊನೆಯ ತುದಿಯ ಒಂದು ತುಣುಕು ಕೂಡ. ಕಳೆದುಹೋದ ಪಿ ಅಲೆಗಳೆಲ್ಲ ಅಲ್ಲಿ ಸಾಲಾಗಿ ಬಿದ್ದಿದ್ದವು.

ಮೂರು ಪಟ್ಟು ತೆಗೆದು ಸೂತ್ರದ ಹೊಸ್ತಿಲಿಗೇ ಇಳಿಸಿದೆ. ಮೊದಲ ನಾಲ್ಕು ಹಂತ ಮಾತ್ರ, ಹಾರ್ಡ್. ಜೊಳ್ಳಿನ ಗ್ರಾಫಿನಲ್ಲಿ ಉಬ್ಬು ಮಾಯವಾಯಿತು. ಈ ಸಲದ ಇಸಿಜಿ ರೇಷ್ಮೆಯಂತಿರಲಿಲ್ಲ. ಕಂಬಳಿಹುಳದ ಬೆನ್ನ ಮೇಲೆ ಅಲ್ಲಲ್ಲಿ ರೋಮ ಉಳಿದಿತ್ತು. ಹಾಗೇ ಪ್ರಿಂಟ್ ತೆಗೆದು ಮತ್ತೆ ಒಯ್ದೆ. ಡಾಕ್ಟರು ಬೆರಳಿಟ್ಟು ಒಂದು, ಎರಡು, ಮೂರು ಎಂದು ಉಬ್ಬುಗಳನ್ನು ಎಣಿಸಿದರು.

“ಇದನ್ನ ಮೊದಲೇ ತರಬಾರದಿತ್ತಾ?” ಅಂದರು.